ಕಾನೂನು ಇದ್ದರೂ ವಿದೇಶದಲ್ಲಿ ಮನೆಗೆಲಸದ ಮಹಿಳೆಯರ ದೂರುಗಳು ಏಕೆ ನಿಂತಿಲ್ಲ?

ಕೊಲ್ಲಿ ದೇಶಗಳಲ್ಲೂ ಈಗ ಮನೆಗೆಲಸದವರಿಗೆ ಕಾನೂನು ಇದೆಯಲ್ಲ, ಮತ್ತೇಕೆ ಸಂಬಳ ಕೊಡದ, ಹೊರಗೆ ಬಿಡದ ದೂರುಗಳು ಎಂದು ಕೇಳಿದ್ದೀರಿ. ಇಂಥ ಮಹಿಳೆಯರ ಕಾಗದಪತ್ರ ಓದಿ, ಅರ್ಜಿ ಬರೆದುಕೊಡುವ ಕೆಲಸ ನನ್ನದು. ಹಾಗಾಗಿ ಸಿಟ್ಟಿನಲ್ಲಿ ಒಂದೆರಡು ಮಾತು ಹೆಚ್ಚಾದರೆ ಸಹಿಸಿಕೊಳ್ಳಿ.

ಕಾನೂನು ಬಂದಿರುವುದು ನಿಜ. ಕುವೈತ್ 2015ರಲ್ಲಿ, ಕತಾರ್ 2017ರಲ್ಲಿ ಮನೆಗೆಲಸದವರಿಗೆಂದೇ ಕಾಯ್ದೆ ಮಾಡಿದವು. ವಾರದ ರಜೆ, ದುಡಿಮೆಯ ಗಂಟೆಗಳ ಮಿತಿ ಎಲ್ಲವೂ ಅವುಗಳಲ್ಲಿವೆ. ಆದರೆ ಕಫಾಲಾ ಎಂಬ ಅಲ್ಲಿನ ಪ್ರಾಯೋಜಕ ಪದ್ಧತಿಯಲ್ಲಿ ಕೆಲಸಗಾರ್ತಿ ಆ ದೇಶದಲ್ಲಿ ಇರುವ ಹಕ್ಕೇ ಮಾಲೀಕನ ಕೈಯಲ್ಲಿರುತ್ತದೆ. ಆ ಮನೆ ಬಿಟ್ಟು ಹೊರಬಂದರೆ ‘ಓಡಿಹೋಗಿದ್ದಾಳೆ’ ಎಂದು ಆತ ದೂರು ಕೊಡಬಹುದು. ಬಾಕಿ ಸಂಬಳ ಬರಬೇಕಾದದ್ದು ಅವಳಿಗೆ, ಬಂಧನದ ಭಯವೂ ಅವಳಿಗೇ! ಕತಾರ್ 2020ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ನನ್ನ ಮಟ್ಟಿಗೆ ರಜೆಯ ನಿಯಮಗಳಿಗಿಂತ ಇದೇ ದೊಡ್ಡದು. ಆದರೂ ಫೋನ್ ಕಿತ್ತುಕೊಂಡ ಮನೆಯಿಂದ ಅರ್ಜಿ ಹಾಕುವುದು ಹೇಗೆ?

ಇದು ಕೊಲ್ಲಿಯ ರೋಗ ಮಾತ್ರವಲ್ಲ. ಹಾಂಗ್‌ಕಾಂಗ್‌ನಲ್ಲಿ ಮಾಲೀಕರ ಮನೆಯಲ್ಲೇ ವಾಸಿಸುವುದು ಕಡ್ಡಾಯ. ಕೆಲಸ ಹೋದರೆ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಅಲ್ಲಿಂದ ಹೊರಡಬೇಕು. ಸಿಂಗಪುರದಲ್ಲಿ ವಾರದ ರಜೆಗೆ ಬದಲಾಗಿ ಹಣ ಕೊಡುವ ರೂಢಿಯಿತ್ತು. 2023ರಿಂದ ತಿಂಗಳಿಗೆ ಒಂದು ರಜೆಯನ್ನಾದರೂ ಹಣಕ್ಕೆ ಬದಲಿಸುವಂತಿಲ್ಲ. ಒಂದೇ ದಿನ, ಆದರೆ ಹಗುರವಾಗಿ ಕಾಣಬೇಡಿ. ಮನೆಯೊಳಕ್ಕೆ ಕಾರ್ಮಿಕ ಅಧಿಕಾರಿ ಬರುವುದು ಅಪರೂಪ. ಹಾಗಿರುವಾಗ ಅವಳು ಹೊರಗೆ ಬಂದು ತನ್ನವರೊಡನೆ ಮಾತನಾಡುವ ಆ ಕೆಲವು ಗಂಟೆಗಳಲ್ಲೇ ದೂರು ಹುಟ್ಟುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆ ಇದನ್ನೆಲ್ಲ ಹೇಳುತ್ತದೆ: ಗಡಿ ದಾಟುವ ಮೊದಲೇ ಲಿಖಿತ ಕರಾರು, ಪಾಸ್‌ಪೋರ್ಟ್ ಅವಳ ಬಳಿಯೇ, ರಜೆಯ ದಿನ ಮನೆಯಲ್ಲೇ ಇರಬೇಕೆಂಬ ಬಲವಂತವಿಲ್ಲ. ಫಿಲಿಪೈನ್ಸ್ ಮರುವರ್ಷವೇ ಅದನ್ನು ಅನುಮೋದಿಸಿತು. ಆದರೆ ಕಳುಹಿಸುವ ದೇಶ ಒಪ್ಪಿದರಷ್ಟೇ ಸಾಲದು, ಕರೆಸಿಕೊಳ್ಳುವ ದೇಶವೂ ಒಪ್ಪಬೇಕು.

‘ಹಾಗಾದರೆ ಮಹಿಳೆಯರನ್ನು ಕಳುಹಿಸುವುದನ್ನೇ ನಿಲ್ಲಿಸಿ’ ಎನ್ನುವವರೂ ಇದ್ದಾರೆ. ನೇಪಾಳ ಹಲವು ಬಾರಿ ಇಂಥ ನಿರ್ಬಂಧ ಹೇರಿತು. ಮನೆ ನಡೆಸಬೇಕಾದವರು ಹೋಗುವುದನ್ನು ಬಿಡಲಿಲ್ಲ. ಬೇರೊಂದು ದೇಶದ ಮೂಲಕ, ದಾಖಲೆಯಿಲ್ಲದೆ ಹೋದರು. ದಾಖಲೆಯೇ ಇಲ್ಲದವಳ ಪರವಾಗಿ ರಾಯಭಾರ ಕಚೇರಿಯಾದರೂ ಏನು ವಾದಿಸೀತು?

ನಿಮಗೆ ಗೊತ್ತಿರುವವರು ಯಾರಾದರೂ ಹೊರಟಿದ್ದರೆ, ವೀಸಾ ಕೆಲಸದ್ದೋ ಭೇಟಿಯದ್ದೋ ಎಂಬುದನ್ನು ಮೊದಲು ನೋಡಿ. ಕರಾರಿನ ಪ್ರತಿ ಊರಿನಲ್ಲಿ ಒಬ್ಬರ ಬಳಿ ಇರಲಿ. ಅಲ್ಲಿ ಇಳಿದ ಮೇಲೆ ಕಡಿಮೆ ಸಂಬಳದ ಇನ್ನೊಂದು ಕರಾರಿಗೆ ಸಹಿ ಹಾಕಿಸುವುದು ಏಜೆಂಟರ ಹಳೆಯ ಚಾಳಿ.