ಒಂದೇ ಕಂಪ್ಯೂಟರಿನಲ್ಲಿರುವ ವಿಂಡೋಸ್ ಮತ್ತು ಲಿನಕ್ಸ್ ನಡುವೆ ಕಡತಗಳನ್ನು ಸಿಂಕ್ ಮಾಡುವುದು ಹೇಗೆ?

ಎರಡು ಪ್ರತಿಗಳನ್ನು ಇಟ್ಟುಕೊಂಡು ಸರಿಹೊಂದಿಸುತ್ತಾ ಕೂರುವ ಬದಲು, ಎರಡೂ ವ್ಯವಸ್ಥೆಗಳು ಓದಿ ಬರೆಯಬಲ್ಲ ಒಂದು ಪ್ರತ್ಯೇಕ ಪಾರ್ಟಿಷನ್ (ಡಿಸ್ಕಿನ ಬೇರ್ಪಡಿಸಿದ ಭಾಗ) ಮಾಡಿ, ಕಡತಗಳ ಒಂದೇ ಪ್ರತಿಯನ್ನು ಅಲ್ಲಿಡುವುದು ಉತ್ತಮ. ಒಂದು ವ್ಯವಸ್ಥೆ ನಡೆಯುವಾಗ ಇನ್ನೊಂದು ಆಫ್ ಆಗಿರುವುದರಿಂದ, ಆದ ಬದಲಾವಣೆಯನ್ನು ಅವು ಪರಸ್ಪರ ನೇರವಾಗಿ ತಿಳಿಸಲಾರವು. ಪ್ರತಿ ಒಂದೇ ಆಗಿದ್ದರೆ ತಿಳಿಸುವ ಅಗತ್ಯವೇ ಬರುವುದಿಲ್ಲ.

ಆ ಪಾರ್ಟಿಷನ್‌ಗೆ ಎನ್‌ಟಿಎಫ್‌ಎಸ್, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಂಡೋಸಿನ ಪದ್ಧತಿ, ಸೂಕ್ತ. ಅದಕ್ಕೆ ಬರೆಯಬಲ್ಲ ಹೊಸ ಡ್ರೈವರ್ ತಂತ್ರಾಂಶ 2021ರ 5.15ನೇ ಆವೃತ್ತಿಯಿಂದ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿಯೇ ಇದೆ.

ಬಹಳಷ್ಟು ಮಂದಿ ಎಡವುವುದು ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯದಲ್ಲಿ. ಅದು ಆನ್ ಇದ್ದರೆ, ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ, ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಲೆಕ್ಕವೂ ಸೇರಿದಂತೆ ತನ್ನ ಒಳಸ್ಥಿತಿಯನ್ನು ಉಳಿಸಿಟ್ಟು ಮಲಗುತ್ತದೆ. ಈ ನಡುವೆ ನೀವು ಲಿನಕ್ಸ್‌ನಿಂದ ಹೊಸ ಕಡತ ಸೇರಿಸಿದರೆ, ಎಚ್ಚೆತ್ತ ವಿಂಡೋಸ್ ಹಳೆಯ ಲೆಕ್ಕವನ್ನೇ ನಂಬಿ ಆ ಹೊಸ ಕಡತದ ಮೇಲೆ ಬರೆದುಬಿಡಬಹುದು. ಆದ್ದರಿಂದಲೇ ಲಿನಕ್ಸ್ ಇಂಥ ಪಾರ್ಟಿಷನ್ನನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯಲು ನಿರಾಕರಿಸುತ್ತದೆ. ದಯವಿಟ್ಟು ಒತ್ತಾಯದಿಂದ ತೆರೆಯಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್‌ಗೆ ಸಂಬಂಧಿಸಿದ ಪುಟದಲ್ಲಿರುವ ಆ ಸೌಲಭ್ಯದ ಟಿಕ್ ಗುರುತನ್ನು ತೆಗೆಯಿರಿ.

ಲಿನಕ್ಸ್‌ನಲ್ಲಿ ಹೆಸರಿಡುವಾಗ ವಿಂಡೋಸ್ ಒಪ್ಪದ ಕೋಲನ್, ಪ್ರಶ್ನಾರ್ಥಕ ಚಿಹ್ನೆಗಳನ್ನು ಬಿಡಿ. ಒಂದೇ ಪ್ರತಿ ಇರುವುದರಿಂದ, ಬೇರೊಂದು ಡಿಸ್ಕಿನಲ್ಲಿ ಬ್ಯಾಕಪ್ ಇರಲೇಬೇಕು.