ಪತ್ತೇದಾರಿಕೆ ಎಲ್ಲಿದೆ? – ಸಂಪಾದಕರ ಉತ್ತರ

ಮಾನ್ಯರೇ,

ಜಪಾನಿನ ಅನಿಮೆಯ (ಆನಿಮೇಷನ್ ಚಿತ್ರಗಳ) ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ, ಅದರಲ್ಲಿ ಪ್ರಸ್ತಾಪವಾಗಿದ್ದ ‘ಘೋಸ್ಟ್ ಇನ್ ದ ಶೆಲ್’ (1995) ಚಿತ್ರವನ್ನು ನೋಡಿದ ತಾವು, ಇದನ್ನು ಪತ್ತೇದಾರಿ ಚಿತ್ರವೆಂದು ಕರೆದದ್ದಕ್ಕೆ ಆಕ್ಷೇಪಿಸಿದ್ದೀರಿ. ಗುಂಡಿನ ಕಾಳಗ, ಮಳೆ, ತತ್ತ್ವಜಿಜ್ಞಾಸೆಗಳ ನಡುವೆ ಯಾರು ಏನನ್ನು ಪತ್ತೆಹಚ್ಚಿದರು ಎಂಬುದು ತಮ್ಮ ಪ್ರಶ್ನೆ.

ಪತ್ತೆಹಚ್ಚಿದವನು ಟೊಗುಸಾ. 2029ರಲ್ಲಿ ನಡೆಯುವ ಈ ಕಥೆಯ ಸೆಕ್ಷನ್ 9 ಎಂಬ ಭದ್ರತಾ ದಳದಲ್ಲಿ, ನಾಯಕಿ ಮೊಟೊಕೊ ಕುಸನಾಗಿಯೂ ಸೇರಿದಂತೆ ಹಲವರ ದೇಹವೇ ಯಂತ್ರವಾಗಿರುವಾಗ, ಪೊಲೀಸ್ ಇಲಾಖೆಯಿಂದ ಬಂದ ಈ ಸಂಸಾರಸ್ಥ ಇನ್ನೂ ಹಳೆಯ ಕಾಲದ ರಿವಾಲ್ವರನ್ನೇ ನೆಚ್ಚಿಕೊಂಡಿದ್ದಾನೆ. ಬೇರೊಂದು ವಿಭಾಗದ ಅಧಿಕಾರಿಗಳು ಕಚೇರಿಗೆ ಬಂದಾಗ ಎಲ್ಲರ ಗಮನ ಮಾತುಕತೆಯ ಮೇಲಿದ್ದರೆ, ಇವನು ವಾಹನ ನಿಲ್ದಾಣಕ್ಕೆ ಇಳಿದು, ಬಂದ ಕಾರುಗಳ ತೂಕವು ಕಣ್ಣಿಗೆ ಕಂಡ ಜನರ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೆಲದ ಸೆನ್ಸರ್‌ಗಳ ದಾಖಲೆಯಲ್ಲಿ ಪರಿಶೀಲಿಸುತ್ತಾನೆ; ಸ್ವಯಂಚಾಲಿತ ಬಾಗಿಲು ಮುಚ್ಚಿಕೊಳ್ಳಲು ತುಸು ಹೆಚ್ಚೇ ಸಮಯ ತೆಗೆದುಕೊಂಡದ್ದನ್ನೂ ಗಮನಿಸುತ್ತಾನೆ. ಅದೃಶ್ಯರಾಗುವ ಉಡುಪು ತೊಟ್ಟವರು ಒಳಹೊಕ್ಕಿದ್ದಾರೆಂಬುದು ಹೊಳೆಯುವುದು ಹೀಗೆ. ಇದಕ್ಕಿಂತ ಅಪ್ಪಟ ಪತ್ತೇದಾರಿಕೆಯನ್ನು ನಾನಂತೂ ಕಾಣೆ. ಆದರೆ ನಿರ್ದೇಶಕ ಮಮೊರು ಓಶಿಯಿ ಅದನ್ನು ಸದ್ದಿಲ್ಲದೆ ತೋರಿಸಿ ಮುಂದೆ ಸಾಗುವುದರಿಂದ, ಮೊದಲ ನೋಟಕ್ಕೆ ಅದು ತಪ್ಪಿಹೋಗುವುದು ಸಹಜ.

ತಮ್ಮ ಅತೃಪ್ತಿಗೆ ನಿಜವಾದ ಕಾರಣ ಬೇರೆ ಇರಬಹುದು. ಪತ್ತೇದಾರಿ ಕಥೆಯು ಸಾಕ್ಷಿಯ ನೆನಪನ್ನು ನಂಬಿ ನಡೆಯುತ್ತದೆ. ಸಾಕ್ಷಿ ಸುಳ್ಳು ಹೇಳಬಹುದು, ಆದರೆ ನಡೆದದ್ದು ಅವನಿಗಾದರೂ ಗೊತ್ತಿರುತ್ತದೆ. ಇಲ್ಲಿ ಆ ಆಧಾರವೇ ಇಲ್ಲ. ಕಸದ ಲಾರಿಯ ಕೆಲಸಗಾರನೊಬ್ಬ, ಬೇರೆಯಾಗಲು ಹೊರಟ ಹೆಂಡತಿಯ ಮನಸ್ಸನ್ನು ತಿಳಿಯಬೇಕೆಂದು ಯಾರೋ ಕೊಟ್ಟ ಪ್ರೋಗ್ರಾಮನ್ನು ದಾರಿಯುದ್ದಕ್ಕೂ ಸಾರ್ವಜನಿಕ ದೂರವಾಣಿಗಳಿಂದ ಚಲಾಯಿಸುತ್ತಾನೆ. ಸಿಕ್ಕಿಬಿದ್ದ ಮೇಲೆ, ಅವನಿಗೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ, ಅವೆಲ್ಲ ‘ಪಪೆಟ್ ಮಾಸ್ಟರ್’ ಎಂಬ ಹ್ಯಾಕರ್ ಮಿದುಳಿಗೆ ತುಂಬಿದ ನೆನಪುಗಳು ಎಂದು ವಿಚಾರಣಾಧಿಕಾರಿ ತಿಳಿಸುತ್ತಾನೆ. ಮಗಳದೆಂದು ಅವನು ಸಹೋದ್ಯೋಗಿಗೆ ತೋರಿಸುತ್ತಿದ್ದ ಫೋಟೋದಲ್ಲಿ ಮಗಳೇ ಇಲ್ಲ. ಇದನ್ನು ಗಾಜಿನಾಚೆಯಿಂದ ನೋಡುತ್ತಿರುವ ಕುಸನಾಗಿಗೆ, ತನ್ನ ನೆನಪುಗಳಿಗೆ ಯಾರು ಜಾಮೀನು ಎಂಬ ಶಂಕೆ ಬಾರದಿದ್ದರೆ ಅವಳು ಒಳ್ಳೆಯ ತನಿಖಾಧಿಕಾರಿಯೇ ಅಲ್ಲ. ತಾವು ತತ್ತ್ವಜಿಜ್ಞಾಸೆ ಎಂದು ತಳ್ಳಿಹಾಕಿದ ಮಾತುಗಳು ಈ ತನಿಖೆಯ ಮುಂದುವರಿದ ಭಾಗವೇ ಆಗಿವೆ. ಕೊನೆಯ ಸಂಭಾಷಣೆ ಉದ್ದವಾಯಿತೆಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಒಂದೇ ಪ್ರಕರಣದ ಎಳೆ ಹಿಡಿದು ಹೋಗುವ ತನಿಖೆಯೇ ಬೇಕೆಂದಾದರೆ, ಈ ಚಿತ್ರಕ್ಕೂ ಮೂಲವಾದ ಮಾಂಗಾವನ್ನು (ಜಪಾನಿ ಚಿತ್ರಕಥಾ ಪುಸ್ತಕವನ್ನು) ಆಧರಿಸಿ ಕೆಂಜಿ ಕಮಿಯಾಮಾ ನಿರ್ದೇಶಿಸಿದ, 2002ರಲ್ಲಿ ಆರಂಭವಾದ ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಸರಣಿಯನ್ನು ನೋಡಬಹುದು. ಅದರ ‘ಲಾಫಿಂಗ್ ಮ್ಯಾನ್’ ಪ್ರಕರಣದಲ್ಲಿ ಅಪರಾಧಿ ಹಾಡುಹಗಲೇ ಜನರ ಮುಂದೆ ನಿಂತರೂ, ಕ್ಯಾಮೆರಾಗಳಲ್ಲಿಯೂ ಯಾಂತ್ರಿಕ ಕಣ್ಣುಗಳಲ್ಲಿಯೂ ಅವನ ಮುಖದ ಜಾಗದಲ್ಲಿ ಬರೀ ನಗುವ ಲಾಂಛನ ಕಾಣುತ್ತದೆ. ಅಲ್ಲಿಯೂ ಟೊಗುಸಾನ ಮೇಲೆ ಕಣ್ಣಿಡಿ.

– ಸಂಪಾದಕ