ಬಂಬಿನಲ್ಲಿ ಎಷ್ಟು ಜನ ಬಂದಿದ್ದರು?

(ಇಂಡಿ ತಾಲೂಕಿನಿಂದ ಬಂದು, ಪುಣೆ–ಮುಂಬಯಿ ಹಳೇ ಹೆದ್ದಾರಿಯ ಒಂದು ಸಣ್ಣ ನಗರ ಪರಿಷತ್ತಿನ ಅಗ್ನಿಶಾಮಕ ದಳದಲ್ಲಿ 26 ವರ್ಷ ದುಡಿದು, ತಾಂಡೇಲ್ (ಫೈರ್‌ಮನ್‌ಗಳ ಮುಂದಾಳು) ಆಗಿ ನಿವೃತ್ತರಾದವರು ಈ ಬಾರಿ ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಹಳೇ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಹೋಟೆಲ್ ಇದೆ. ಹೋದ ತಿಂಗಳು ರಾತ್ರಿ ಹಿಂದಿನ ಸ್ಟೋರ್ ರೂಮಿಗೆ ಬೆಂಕಿ ಬಿತ್ತು. ಫೈರ್ ಬ್ರಿಗೇಡ್‌ನವರು ಬಂದದ್ದು 25 ನಿಮಿಷ ಕಳೆದ ಮೇಲೆ. ಬಂದವರು ಮೂರೇ ಜನ. ಹೊರಗೆ ನಿಂತೇ ನೀರು ಹೊಡೆದರು, ಒಳಗೆ ಕಾಲಿಡಲಿಲ್ಲ. ಅಕ್ಕಿ, ಎಣ್ಣೆ, ಫ್ರಿಜ್ ಎಲ್ಲಾ ಹೋಯಿತು. ಕೇಳಿದರೆ 'ಆರ್ಡರ್ ಇಲ್ಲ' ಎಂದರು. ಹೆದರುವವರು ಈ ಕೆಲಸಕ್ಕೆ ಯಾಕೆ ಬರಬೇಕು?
— ಹೋಟೆಲ್ ಮಾಲೀಕರು, ಕಾಮಶೇತ್ ಹತ್ತಿರ

ಉತ್ತರ: ಯಜಮಾನ್ರೇ, ನಷ್ಟ ಆಗಿದ್ದು ಕೇಳಿ ಬೇಜಾರಾಯಿತು. ಆದರೆ 'ಮೂರೇ ಜನ' ಎಂದು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ.

ಒಂದು ಬಂಬಿಗೆ (ಇಲ್ಲಿ ಫೈರ್ ಇಂಜಿನ್‌ಗೆ ಎಲ್ಲರೂ ಬಂಬ್ ಎನ್ನುತ್ತಾರೆ) ಆರು ಜನ ಬೇಕು ಎಂದು ನಾವು ಕಲಿತಿದ್ದು. ಡ್ರೈವರ್ ಪಂಪಿನ ಹತ್ತಿರ ನಿಲ್ಲಬೇಕು. ನೀರಿನ ಒತ್ತಡ ಏರಿಸುವವನು, ಇಳಿಸುವವನು ಅವನೇ. ಅಲ್ಲಿಂದ ಕದಲುವ ಹಾಗಿಲ್ಲ. ಬ್ರಾಂಚ್ (ನೀರಿನ ಪೈಪಿನ, ಅಂದರೆ ಹೋಸಿನ, ತುದಿಯ ನಳಿಕೆ) ಹಿಡಿದು ನೀರು ಹೊಡೆಯಲು ಒಬ್ಬ, ಅವನ ಬೆನ್ನ ಹಿಂದೆ ಹೋಸ್ ಹೊರಲು ಇನ್ನೊಬ್ಬ. ಒಳಗೆ ಹೋದವರು ಬಿದ್ದರೆ ಎಳೆದು ತರಲು ಇಬ್ಬರು ಗಾಳಿ ಸಿಲಿಂಡರ್ ಕಟ್ಟಿಕೊಂಡು ಬಾಗಿಲಲ್ಲಿ ತಯಾರಿರಬೇಕು. ಸ್ವಲ್ಪ ದೂರ ನಿಂತು ಗೋಡೆ, ಮಾಳಿಗೆ, ಹೊಗೆಯ ಬಣ್ಣ ನೋಡುತ್ತ ಹುಕುಂ ಕೊಡಲು ಮೇಲಿನವನೊಬ್ಬ. ಈಗ ಈ ಕೆಲಸವನ್ನೆಲ್ಲ ನಿಮ್ಮ ಮೂವರಿಗೆ ಹಂಚಿ. ಡ್ರೈವರ್ ಪಂಪಿಗೆ ಹೋದ. ಉಳಿದವರು ಇಬ್ಬರು. ಆ ಇಬ್ಬರೂ ಒಳಗೆ ಹೋಗಿ ಬಿದ್ದರೆ, ಬಿದ್ದಿದ್ದಾರೆ ಎಂದು ಹೇಳಲೂ ಯಾರಿಲ್ಲ.

ಇದನ್ನು ನಾನು ಓದಿ ಹೇಳುತ್ತಿಲ್ಲ. ಒಂದು ಮಳೆಗಾಲದ ರಾತ್ರಿ ಗೋಣಿಚೀಲದ ಗೋಡೌನಿಗೆ ವರ್ದಿ ಬಂತು. ವರ್ದಿ ಅಂದರೆ ಕರೆ, ನಮ್ಮ ಠಾಣೆಯ ಮಾತು. ಅವತ್ತೂ ಮೂರೇ ಜನ. ಒಬ್ಬನಿಗೆ ಜ್ವರ, ಇಬ್ಬರು ರಜೆ, ಒಂದು ಹುದ್ದೆ ನಾನು ಸೇರಿದಾಗಿನಿಂದ ಖಾಲಿ. ನನ್ನ ಜೊತೆಗಾರ ಬಾಗಿಲಲ್ಲಿ ಹೋಸ್ ಬಿಡಿಸುತ್ತ ಉಳಿದ, ನಾನು ಬ್ರಾಂಚ್ ಹಿಡಿದು ಒಳಗೆ ಹೋದೆ. ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸೆಟ್ಟಿಗೆ ನಾವು ಬಿ.ಎ. ಸೆಟ್ ಎನ್ನುತ್ತೇವೆ. ನಮ್ಮದರ ಸಿಲಿಂಡರ್ ಆರು ಲೀಟರಿನದು. 300 ಬಾರ್ ಒತ್ತಡದಲ್ಲಿ ತುಂಬಿದರೆ 1800 ಲೀಟರ್ ಗಾಳಿ. ಪುಸ್ತಕದ ಲೆಕ್ಕದಲ್ಲಿ ಮನುಷ್ಯನಿಗೆ ನಿಮಿಷಕ್ಕೆ 40 ಲೀಟರ್, ಅಂದರೆ 45 ನಿಮಿಷ. ನೀರು ತುಂಬಿದ ಹೋಸ್ ಎಳೆಯುತ್ತ ಏದುಸಿರು ಬಿಡುವವನಿಗೆ ಅರ್ಧ ಗಂಟೆ ಬಂದರೆ ಪುಣ್ಯ. ಗಾಳಿ ಮುಗಿಯುತ್ತಿದೆ ಎಂದು ಸೆಟ್ಟಿನ ಸಿಳ್ಳೆ ಹೊಡೆದುಕೊಂಡಾಗ ನನಗೆ ಬಾಗಿಲು ಯಾವ ಕಡೆ ಎಂದೇ ಗೊತ್ತಿರಲಿಲ್ಲ. ನನ್ನ ಕೈ ನನಗೆ ಕಾಣದಷ್ಟು ಹೊಗೆ. ಮಂಡಿಯೂರಿ ಹೋಸ್ ತಡವಿದೆ. ಎರಡು ಹೋಸ್ ಸೇರುವಲ್ಲಿ ಹಿತ್ತಾಳೆಯ ಕಪ್ಲಿಂಗ್ ಇರುತ್ತದೆ. ಅದರ ಒಂದು ಕಡೆಗೆ ಕಿವಿಯ ಹಾಗೆ ಎರಡು ಉಬ್ಬು. ಆ ಕಿವಿ ಇರುವ ಕಡೆಗೇ ಪಂಪು, ಆ ಕಡೆಗೇ ಹೊರದಾರಿ. ತರಬೇತಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಇದನ್ನು ಕಲಿಸುವಾಗ ನಾವೆಲ್ಲ ನಕ್ಕಿದ್ದೆವು. ಅವತ್ತು ಕಿವಿ ತಡವುತ್ತ ತೆವಳಿಕೊಂಡು ಬಂದೆ. ಬಾಗಿಲಲ್ಲಿ ಜೊತೆಗಾರ ಅಳುತ್ತ ನಿಂತಿದ್ದ. ಅವನ ಬೆನ್ನಿಗೆ ಸೆಟ್ ಇರಲಿಲ್ಲ. ಎರಡನೇ ಸೆಟ್ ರಿಪೇರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು.

ಜನ ಜಾಸ್ತಿ ಇದ್ದರೂ ಒಳಗೆ ಹೋಗುವುದು ಹುಡುಗಾಟ ಅಲ್ಲ. ಮುಂಬಯಿಯಂಥ ದೊಡ್ಡ ದಳಕ್ಕೇ ಏನಾಯಿತು ನೋಡಿ. 2015ರ ಮೇ 9ರಂದು ಕಾಲಬಾದೇವಿಯ ಗೋಕುಳ್ ನಿವಾಸದಲ್ಲಿ ಬೆಂಕಿ ಬಿದ್ದು ಕಟ್ಟಡ ಕುಸಿಯಿತು. ಮುಖ್ಯ ಅಧಿಕಾರಿ ಸುನಿಲ್ ನೇಸರೀಕರ್ ಸೇರಿ ನಾಲ್ಕು ಜನ ಅಧಿಕಾರಿಗಳನ್ನು ಮುಂಬಯಿ ಕಳೆದುಕೊಂಡಿತು. ನಿಮ್ಮ ಸ್ಟೋರ್ ರೂಮಿನಲ್ಲಿ ಒಬ್ಬ ಹುಡುಗ ಸಿಕ್ಕಿಕೊಂಡಿದ್ದರೆ ಆ ಇಬ್ಬರೂ ನುಗ್ಗುತ್ತಿದ್ದರು, ಅದು ನನಗೆ ಗೊತ್ತು. ಅಕ್ಕಿ ಚೀಲಕ್ಕೆ ನುಗ್ಗಲಿಲ್ಲ. ಸರಿಯಾಗಿಯೇ ಮಾಡಿದರು. 'ಆರ್ಡರ್ ಇಲ್ಲ' ಎಂದದ್ದು ಮಾತ್ರ ತಪ್ಪು. ಜನ ಸಾಲದು ಎಂದು ನೆಟ್ಟಗೆ ಹೇಳಬೇಕಿತ್ತು. ಹಾಗೆ ಹೇಳಿದರೆ ಮರುದಿನ ಮೇಲಿನವರು ಕರೆದು ಕೇಳುತ್ತಾರೆ, ಅದೂ ನನಗೆ ಗೊತ್ತು.

ಇನ್ನು 25 ನಿಮಿಷದ ಮಾತು. ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಗುರಿ ನಗರದಲ್ಲಿ 5ರಿಂದ 7 ನಿಮಿಷ, ಹಳ್ಳಿಯಲ್ಲಿ 20. ನಿಮ್ಮ ಹೋಟೆಲ್ ಪರಿಷತ್ತಿನ ಗಡಿಯ ಹೊರಗಿದೆ. ನಮ್ಮ ಕಾಲದಲ್ಲಿ ಗಡಿ ದಾಟಲು ಮೊದಲು ಸಾಹೇಬರಿಗೆ ಫೋನ್ ಹೋಗಬೇಕಿತ್ತು. ಇರುವ ಒಂದೇ ಬಂಬು ಹೊರಗೆ ಹೋದಾಗ ಊರೊಳಗೆ ಬೆಂಕಿ ಬಿದ್ದರೆ ಯಾರು ಹೊಣೆ, ಅಲ್ವಾ? ಬಂದ ಬಂಬಿನಲ್ಲಿ ಇರುವುದು 4500 ಲೀಟರ್ ನೀರು. ಒಂದು ಹೋಸಿನಿಂದ ನಿಮಿಷಕ್ಕೆ 450 ಲೀಟರ್ ಹೊಡೆದರೆ ಹತ್ತು ನಿಮಿಷಕ್ಕೆ ಖಾಲಿ. ಅದಕ್ಕೇ ಹೇಳುತ್ತೇನೆ, ನಿಮ್ಮ ಬೋರ್‌ವೆಲ್ ಟ್ಯಾಂಕಿನ ಹತ್ತಿರಕ್ಕೆ ಬಂಬು ಬರುವಷ್ಟು ದಾರಿ ಬಿಡಿ. ಅಲ್ಲಿ ಗಿರಾಕಿಗಳ ಕಾರು ನಿಲ್ಲಿಸಬೇಡಿ. ಮತ್ತೆ, ಸ್ಟೋರ್ ರೂಮಿನಲ್ಲಿ 'ಖಾಲಿ' ಗ್ಯಾಸ್ ಸಿಲಿಂಡರ್ ಇಟ್ಟಿದ್ದಿರಾ? ಬಹಳ ಹೋಟೆಲಿನವರು ಇಡುತ್ತಾರೆ. ಒಳಗೆ ಸಿಲಿಂಡರ್ ಇದೆಯೋ ಇಲ್ಲವೋ ತಿಳಿಯದ ಕೋಣೆಗೆ ಯಾವ ಫೈರ್‌ಮನ್ನೂ ಖುಷಿಯಿಂದ ಹೋಗುವುದಿಲ್ಲ.

ಪ್ರಶ್ನೆ: ಕಾಕಾ, ನನ್ನ ಯಜಮಾನರು ಒಂದು ಸಣ್ಣ ಊರಿನ ಫೈರ್ ಬ್ರಿಗೇಡ್‌ನಲ್ಲಿ ಗುತ್ತಿಗೆ ಮೇಲೆ ಇದ್ದಾರೆ. 24 ಗಂಟೆ ಡ್ಯೂಟಿ ಮುಗಿಸಿ ಬರುತ್ತಾರೆ, ಯಾರಾದರೂ ಬರದಿದ್ದರೆ ಮತ್ತೆ ಕರೆಯುತ್ತಾರೆ. ಬೂಟು ತಳ ಕಿತ್ತಿದೆ. ಎಕ್ಸ್‌ಪ್ರೆಸ್‌ವೇ ಟ್ಯಾಂಕರ್ ಬೆಂಕಿಗೂ ಇವರನ್ನೇ ಕಳಿಸುತ್ತಾರೆ. ನಾನು ಏನು ಮಾಡಲಿ?
— ಒಬ್ಬ ಗೃಹಿಣಿ, ಮಾವಳ ತಾಲೂಕು

ಉತ್ತರ: ತಂಗೆವ್ವಾ, ನಿನ್ನ ಪತ್ರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. 'ಇಪ್ಪತ್ತು ವರ್ಷದ ಹಿಂದೆ ನಾನೇ ಬರೆಯಬೇಕಿತ್ತು' ಎಂದಳು.

ಮೊದಲು ಮನೆಯೊಳಗಿನ ಮಾತು. ಬೆಂಕಿಯಿಂದ ಬಂದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡ. ನಾವು ಮಸಿ ಹತ್ತಿದ ಅಂಗಿಯನ್ನು ದೊಡ್ಡಸ್ತಿಕೆ ಎಂದು ತಿಳಿದಿದ್ದೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೆಂಕಿ ಆರಿಸುವ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸ ಎಂದು ಮೊದಲ ಗುಂಪಿಗೆ ಸೇರಿಸಿತು. ಠಾಣೆಯಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿ, ಚೀಲದಲ್ಲಿ ಕಟ್ಟಿ ತರಲಿ. ಬೇರೆಯಾಗಿ ಒಗೆ.

ಎರಡನೆಯದು ಕಾಗದ. ಗುತ್ತಿಗೆದಾರ ಪಿ.ಎಫ್. ಕಟ್ಟುತ್ತಿದ್ದಾನಾ, ಇ.ಎಸ್.ಐ. ಅಥವಾ ಅಪಘಾತ ವಿಮೆ ಇದೆಯಾ, ಅದರ ನಂಬರ್ ಏನು, ಇದು ನಿನ್ನ ಹತ್ತಿರ ಇರಬೇಕು. ಗಂಡಸರು ಇದನ್ನು ಕೇಳಲು ನಾಚುತ್ತಾರೆ. ಡ್ಯೂಟಿ ಹಾಜರಿ ಪುಸ್ತಕದ ಪುಟದ ಫೋಟೋ ತಿಂಗಳಿಗೊಮ್ಮೆ ತೆಗೆದಿಡಲಿ. ಏನಾದರೂ ಆದಾಗ 'ಅವನು ಅವತ್ತು ಡ್ಯೂಟಿಯಲ್ಲೇ ಇರಲಿಲ್ಲ' ಎಂಬ ಮಾತು ಬರುತ್ತದೆ. ನಾನು ಒಂದು ಮನೆಯವರಿಗೆ ಹಾಗೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ.

ಟ್ಯಾಂಕರ್ ವಿಷಯ ಕೇಳಿ ನನಗೂ ನಿದ್ದೆ ಬರಲಿಲ್ಲ. 2023ರ ಜೂನ್ 13ರಂದು ಎಕ್ಸ್‌ಪ್ರೆಸ್‌ವೇಯ ಕುಣೆ ಸೇತುವೆ ಮೇಲೆ ಮೆಥನಾಲ್ ಟ್ಯಾಂಕರ್ ಹೊತ್ತಿ ನಾಲ್ಕು ಜನ ಸತ್ತರು. ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಪೆಟ್ರೋಲ್ ಬೆಂಕಿಗೆ ಹೊಡೆಯುವ ಸಾದಾ ಫೋಮ್ (ನೊರೆ) ಅದರ ಮೇಲೆ ನಿಲ್ಲುವುದಿಲ್ಲ, ಒಡೆದುಹೋಗುತ್ತದೆ. ಬೇರೆ ಫೋಮ್ ಬೇಕು. ಟ್ಯಾಂಕರ್ ಮೇಲಿನ ಫಲಕದಲ್ಲಿ ಪೆಟ್ರೋಲಿನ ಸಂಖ್ಯೆ 1203, ಮೆಥನಾಲಿನದು 1230. ಮಧ್ಯರಾತ್ರಿ, ಮಳೆಯಲ್ಲಿ, ನಿದ್ದೆಗೆಟ್ಟ ಕಣ್ಣಿಗೆ ಎರಡೂ ಒಂದೇ. 24 ಗಂಟೆ ಡ್ಯೂಟಿ ಮೇಲೆ ಮತ್ತೆ ಡ್ಯೂಟಿ ಬೇಡ ಎನ್ನುವುದು ಅದಕ್ಕೇ. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಬಂಬಿನ ಬಾಗಿಲಿಗೆ ಒಳಗಿಂದ ಅಂಟಿಸಲು ಹೇಳು. ನಾವು ಹಾಗೆ ಮಾಡಿದ್ದೆವು.

ಬೂಟನ್ನು ಸುಮ್ನೆ ಬಿಡಬೇಡಿ. ಅವರೊಬ್ಬರೇ ಕೇಳಿದರೆ ಕೆಲಸ ಹೋದೀತು. ಎಲ್ಲರೂ ಸಹಿ ಹಾಕಿ ಒಂದೇ ಅರ್ಜಿ ಕೊಡಲಿ, ತಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸಿಕ್ಕೆ (ಅರ್ಜಿ ತಲುಪಿತು ಎಂಬ ಮುದ್ರೆ) ಹಾಕಿಸಿಕೊಳ್ಳಲಿ.

ಪ್ರಶ್ನೆ: ನನ್ನ ಮಗ ಅಮೆರಿಕದ ಸಣ್ಣ ಊರಿನಲ್ಲಿದ್ದಾನೆ. ಅಲ್ಲಿ ಫೈರ್‌ಮನ್‌ಗಳೆಲ್ಲ ಸಂಬಳವಿಲ್ಲದ ಸ್ವಯಂಸೇವಕರಂತೆ. ಗಣಪತಿ ಮಂಡಳಕ್ಕೆ ಸಾವಿರ ಹುಡುಗರು ಸೇರುವ ನಮ್ಮಲ್ಲಿ ಅದು ಯಾಕೆ ಆಗಬಾರದು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಚಿಂಚವಡ

ಉತ್ತರ: ಸರ್, ಒಳ್ಳೆ ಪ್ರಶ್ನೆ. ಆದರೆ ಅಲ್ಲಿಯೂ ಜನ ಕಡಿಮೆ ಆಗುತ್ತಿದ್ದಾರೆ. 1984ರಲ್ಲಿ ಅಮೆರಿಕದಲ್ಲಿ ಅಂಥ ಸ್ವಯಂಸೇವಕರು ಸುಮಾರು 9 ಲಕ್ಷ ಇದ್ದರು. 2020ಕ್ಕೆ 6 ಲಕ್ಷ 77 ಸಾವಿರದ ಹತ್ತಿರ ಬಂದರು. ಊರಿನವರು ಕೆಲಸಕ್ಕೆಂದು ಐವತ್ತು ಮೈಲಿ ದೂರ ಹೋದರೆ ಹಗಲು ಹೊತ್ತಿನ ಬೆಂಕಿಗೆ ಓಡಿಬರುವವರು ಯಾರು? ಮಗನನ್ನೇ ಕೇಳಿ, ಅವನು ಸೇರಿದ್ದಾನಾ ಎಂದು. (ತಮಾಷೆಗೆ ಹೇಳಿದೆ.)

ನಮ್ಮ ತೊಡಕು ಬೇರೆ. ಸಂವಿಧಾನದ 12ನೇ ಅನುಸೂಚಿ ನಗರಸಭೆಗಳ ಕೆಲಸಗಳಲ್ಲಿ ಅಗ್ನಿಶಾಮಕ ಸೇವೆಯನ್ನು ಹೆಸರಿಸಿದೆ. ಪಂಚಾಯತಿಗಳ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಬೆಂಕಿ ಇಲ್ಲ. ಪುಣೆ ಸುತ್ತ ಎಷ್ಟೋ ಊರುಗಳು ಚಾಳು, ಶೆಡ್ಡು, ಕೆಮಿಕಲ್ ಘಟಕ ತುಂಬಿಕೊಂಡು ಊದಿವೆ, ಆದರೆ ಕಾಗದದಲ್ಲಿ ಇನ್ನೂ ಗ್ರಾಮ ಪಂಚಾಯತಿ. 2021ರ ಜೂನ್‌ನಲ್ಲಿ ಪಿರಂಗುಟ್ ಹತ್ತಿರದ ಕಾರ್ಖಾನೆಯಲ್ಲಿ ಸುಟ್ಟುಹೋದವರಲ್ಲಿ ಹೆಚ್ಚಿನವರು ಹೆಂಗಸರು, ಸುತ್ತಲಿನ ಹಳ್ಳಿಯವರು. ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗೆ 5000 ಕೋಟಿ ರೂಪಾಯಿಯ ಯೋಜನೆ ತಂದಿತು. ಹಣ ಬಂದರೆ ಹೊಸ ಬಂಬು ಬರುತ್ತದೆ, ಹಾರ ಹಾಕಿ ಫೋಟೋ ತೆಗೆಯುತ್ತಾರೆ. ಅದರಲ್ಲಿ ಕೂರುವ ಆರು ಜನರ ತಿಂಗಳ ಸಂಬಳ ಎಂದಾಗ ಎಲ್ಲರೂ ಕಿಟಕಿ ಕಡೆ ನೋಡುತ್ತಾರೆ.

ಸ್ವಯಂಸೇವಕರು ನಮ್ಮಲ್ಲೂ ಇದ್ದಾರೆ. ಲೋಣಾವಳದ ಶಿವದುರ್ಗ ಮಿತ್ರ ತಂಡದ ಹುಡುಗರು ಕಣಿವೆಗೆ ಇಳಿದು ಎಷ್ಟು ಜನರನ್ನು ಮೇಲೆ ತಂದಿದ್ದಾರೆ! ಆ ಹಗ್ಗದ ಕೆಲಸ ನಮಗೆ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಮಂಡಳದ ಹುಡುಗರು ಬರಲಿ, ಜನರನ್ನು ತಡೆಯಲಿ, ದಾರಿ ಬಿಡಿಸಲಿ, ನೀರು ತೋರಿಸಲಿ. ಹೊಗೆಯೊಳಗೆ ಮಾತ್ರ ತರಬೇತಿ, ವಿಮೆ ಎರಡೂ ಇಲ್ಲದೆ ಕಳಿಸಬೇಡಿ. ಮೈಯ ಕಸುವು ಎಲ್ಲರದೂ ಒಂದೇ ಅಲ್ಲ. 2023ರ ಜುಲೈನಲ್ಲಿ ಇರ್ಶಾಳವಾಡಿಯಲ್ಲಿ ಗುಡ್ಡ ಕುಸಿದಾಗ ರಾತ್ರಿ ಮಳೆಯಲ್ಲಿ ನಡೆದೇ ಹತ್ತಬೇಕಿತ್ತು. ನವಿ ಮುಂಬಯಿಯ ಒಬ್ಬ ಅಗ್ನಿಶಾಮಕ ಅಧಿಕಾರಿ ಹತ್ತುವಾಗಲೇ ಎದೆ ಹಿಡಿದು ತೀರಿಕೊಂಡರು. ಅವರಂತೂ ಜೀವನವಿಡೀ ಇದೇ ಕೆಲಸ ಮಾಡಿದವರು.

ಪ್ರಶ್ನೆ: ನಾವು ಅಫಜಲಪುರ ಕಡೆಯವರು, ಇಲ್ಲಿ ಶಿರೂರು ಹತ್ತಿರ ಹೊಲದ ಕೆಲಸಕ್ಕಿದ್ದೇವೆ. ಹಳೇ ಬಾವಿಯ ಹೂಳು ತೆಗೆಯಲು ಹೇಳುತ್ತಾರೆ. ದೀಪ ಇಳಿಸಿ ನೋಡಿದರೆ ಸಾಕಾ?
— ಒಬ್ಬ ಮೇಸ್ತ್ರಿ

ಉತ್ತರ: ಸಾಲದು. ದೀಪ ಆರಿದರೆ ಇಳಿಯಬೇಡಿ. ದೀಪ ಉರಿದರೂ ನಂಬಬೇಡಿ. ಕೊಳೆತ ಹೂಳಿನ ವಿಷಗಾಳಿ ದೀಪ ಆರಿಸದೆಯೂ ಮನುಷ್ಯನನ್ನು ಕೊಲ್ಲುತ್ತದೆ. ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬೇಡಿ. ಒಬ್ಬ ಬಿದ್ದರೆ ಇನ್ನೊಬ್ಬ ಇಳಿಯಬಾರದು. ಅಣ್ಣನಾದರೂ ಅಷ್ಟೆ, ಮಗನಾದರೂ ಅಷ್ಟೆ. 2018ರ ನವೆಂಬರ್‌ನಲ್ಲಿ ಕಲ್ಯಾಣದ ಒಂದು ಬಾವಿಯಲ್ಲಿ ಹೀಗೇ ಒಬ್ಬರ ಹಿಂದೆ ಒಬ್ಬರು ಇಳಿದು ಐದು ಜನ ಹೋದರು. ಕೊನೆಯ ಇಬ್ಬರು ಅಗ್ನಿಶಾಮಕ ದಳದವರು. 112ಕ್ಕೆ ಫೋನ್ ಮಾಡುವಾಗ 'ಬಾವಿ, ಗಾಳಿ ಕೆಟ್ಟಿದೆ' ಎಂದೇ ಹೇಳಿ. 'ಮನುಷ್ಯ ಬಿದ್ದಿದ್ದಾನೆ' ಎಂದಷ್ಟೇ ಹೇಳಿದರೆ ಬರುವವರು ಹಗ್ಗ ಮಾತ್ರ ತಂದಾರು. ಯಜಮಾನ ಒತ್ತಾಯ ಮಾಡಿದರೆ ಅವನನ್ನೇ ಮೊದಲು ಇಳಿಯಲು ಹೇಳಿ.

ಪ್ರಶ್ನೆ: ಕಾಕಾ, ನಾನು ಹುಟ್ಟಿ ಬೆಳೆದದ್ದು ಭೋಸರಿ. ಹತ್ತನೇ ಕ್ಲಾಸ್ ಪಾಸ್. ಫೈರ್‌ಮನ್ ಆಗಬೇಕು. ಏನು ಮಾಡಲಿ?
— 19 ವರ್ಷದ ಓದುಗ

ಉತ್ತರ: ಮುಂಬಯಿ ಸಾಂತಾಕ್ರೂಜ್ ವಿದ್ಯಾನಗರಿಯಲ್ಲಿ ರಾಜ್ಯದ ತರಬೇತಿ ಕೇಂದ್ರ ಇದೆ ತಮ್ಮಾ. ಫೈರ್‌ಮನ್ ಕೋರ್ಸ್ ಆರು ತಿಂಗಳು. ಸರ್ಕಾರಿ ಕೋರ್ಸ್ ಎಂದು ಹೇಳಿ ದುಡ್ಡು ಕೀಳುವ ಅಂಗಡಿಗಳು ಬೇಕಾದಷ್ಟಿವೆ, ಮೋಸ ಹೋಗಬೇಡ. ಡೊಮಿಸೈಲ್ ಸರ್ಟಿಫಿಕೇಟ್ ಈಗಲೇ ಮಾಡಿಸಿಡು. ಮರಾಠಿ ಓದು ಬರಹ ಚೆನ್ನಾಗಿರಲಿ. ಈಜು ಬರದಿದ್ದರೆ ನಾಳೆಯಿಂದಲೇ ಕಲಿ. ಹೆವಿ ಲೈಸೆನ್ಸ್ ಇದ್ದರೆ ಸಣ್ಣ ಊರಿನ ಠಾಣೆಯವರು ನಿನ್ನನ್ನು ಬಿಡುವುದೇ ಇಲ್ಲ, ಬಂಬು ಓಡಿಸುವವನು ರಜೆ ಹಾಕಿದ ದಿನ ಅಲ್ಲಿ ಎಲ್ಲರೂ ದೇವರ ಮುಖ ನೋಡುತ್ತಾರೆ. ಸಂದರ್ಶನದಲ್ಲಿ 'ಏನಾದರೂ ಕೇಳುವುದಿದೆಯಾ' ಎಂದರೆ ಸಂಬಳ ಆಮೇಲೆ ಕೇಳು. ಒಂದು ಶಿಫ್ಟಿಗೆ ಎಷ್ಟು ಜನ, ಎಷ್ಟು ಬಿ.ಎ. ಸೆಟ್ ನಡೆಯುತ್ತಿವೆ, ಅದನ್ನು ಮೊದಲು ಕೇಳು.